ತೊಗರಿಯ ತುದಿ ಅಲ್ಲಾಡಿದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ನಾನು ನಗುತ್ತಿದ್ದೆ. ಅವರ ಎದುರಿಗೆ ಅಲ್ಲ, ಮನೆಗೆ ಬಂದ ಮೇಲೆ. ಬೀದರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಬೇವಿನ ಗಿಡದಲ್ಲಿ ಏನೋ ಕಂಡಿತು, ಬಾಗಿಲು ತಾನಾಗಿಯೇ ತೆರೆಯಿತು ಎಂದು ಯಾರಾದರೂ ಶುರು ಮಾಡಿದರೆ ನನ್ನ ಬಾಯಿಗೆ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ: "ಗಾಳಿ ಇತ್ತೇನ್ರಿ?" ಬಹಳಷ್ಟು ಸಲ ಗಾಳಿ ಇದ್ದೇ ಇರುತ್ತಿತ್ತು. ಉಳಿದದ್ದಕ್ಕೆ ಇಲಿ, ಬೆಕ್ಕು, ಜ್ವರ, ನಿದ್ದೆಗಣ್ಣು, ಹೀಗೆ ಏನಾದರೊಂದು ಕಾರಣ ಸಿಗುತ್ತಿತ್ತು. ಈಗ ಅಂಥದ್ದನ್ನೇ ನಾನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಮ್ಮದು ಕ್ರೈಸ್ತ ಮನೆತನ. ತವರು ಭಾಲ್ಕಿ. ಅಪ್ಪನೂ ವಿಜ್ಞಾನದ ಮೇಷ್ಟ್ರೇ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದೆವು, ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ ಹಾಕಿಕೊಳ್ಳುತ್ತಿದ್ದೆವು, ಊಟದ ಮುಂದೆ ಕಣ್ಣು ಮುಚ್ಚುತ್ತಿದ್ದೆವು. ದೇವರಿಲ್ಲ ಎಂದು ನಾನು ಯಾವತ್ತೂ ಅಂದವಳಲ್ಲ. ಆದರೆ ದೂರದ ಊರಿನಲ್ಲಿರುವ ಹಿರಿಯ ಸಂಬಂಧಿಕರ ಹಾಗೆ ಅವನೂ ಇದ್ದಾನೆ, ಮದುವೆ ಮುಂಜಿಗೆ ನೆನೆದರೆ ಸಾಕು ಅನ್ನುವಷ್ಟೇ ನನ್ನ ನಂಬಿಕೆ. ಹೂವಿನಲ್ಲಿ ಅವನ ಕೈ ಕಾಣುತ್ತದೆ, ಇರುವೆಯಲ್ಲಿ ಅವನ ಬುದ್ಧಿ ಕಾಣುತ್ತದೆ ಎಂದು ಪ್ರಸಂಗ ಮಾಡುವವರನ್ನು ಕಂಡರೆ ಮಾತ್ರ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ನನ್ನ ಹಣೆಬರಹಕ್ಕೆ ಅಂಥವರೇ ಮಾವನಾಗಿ ಸಿಕ್ಕರು. ನನ್ನ ಗಂಡ ಸುಧಾಕರ ಬೀದರಿನ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ನಾವಿರುವುದು ಬೀದರಿನಲ್ಲೇ, ಚಿದ್ರಿಯಲ್ಲಿ. ಅವರ ತಂದೆ ಶಮುವೇಲಪ್ಪ ಔರಾದ್ ತಾಲೂಕಿನ ಠಾಣಾ ಕುಶನೂರಿನ ಹತ್ತಿರದ ಹಳ್ಳಿಯಲ್ಲಿ ತೊಗರಿ, ಸೋಯಾ ಬೆಳೆದುಕೊಂಡಿದ್ದರು. ಒಣಗಿದ ತೊಗರಿ ಕಾಯಿಯನ್ನು ಉಗುರಿನಿಂದ ಸೀಳಿ, ಒಳಗೆ ಸಾಲಾಗಿ ಕುಳಿತ ಕಾಳು ತೋರಿಸಿ, "ಯಾರವ್ವಾ ಇಷ್ಟ ಛಂದ ಹೊಂದಿಸಿ ಇಟ್ಟಾರ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹುಳ ಹಿಡಿದ ಇನ್ನೊಂದು ಕಾಯಿ ಹುಡುಕಿ ಸೀಳಿ, "ಈ ಹುಳಾನೂ ಅಂವನೇ ಇಟ್ಟಾನೇನ್ರಿ ಮಾವಾ?" ಅನ್ನುತ್ತಿದ್ದೆ. ಅವರು ಸಿಟ್ಟಾಗುತ್ತಿರಲಿಲ್ಲ. "ಅದಕ್ಕೂ ಹೊಟ್ಟಿ ಕೊಟ್ಟಾನಲ್ಲ, ತಿನ್ನಲಿ ಬಿಡು" ಎಂದು ನಗುತ್ತಿದ್ದರು. ನಮ್ಮಿಬ್ಬರ ನಡುವೆ ಇದೊಂದು ಆಟವಾಗಿ ಹೋಗಿತ್ತು. ನಿಜ ಹೇಳಬೇಕೆಂದರೆ ಅವರೆಂದರೆ ನನಗೆ ಬಹಳ ಪ್ರೀತಿ.

ಅವರ ಬಳಿ ಒಂದು ದೊಡ್ಡ ವಾದವಿತ್ತು. ಚರ್ಚಿನ ಸಭೆಯಲ್ಲಿ ದೇವರ ಉಪಕಾರದ ಸಾಕ್ಷಿ ಹೇಳಲು ಎದ್ದು ನಿಂತಾಗಲೆಲ್ಲ ಅದನ್ನೇ ಹೇಳುತ್ತಿದ್ದರು. "ಬೆಳದ ತೊಗರ್ಯಾಗ ಮನಷ್ಯಾ ಹೊಂಟರ ನಿಮಗ ಕಾಣಸ್ತಾನೇನ್ರಿ? ಇಲ್ಲ. ತುದಿ ಅಲ್ಲಾಡೋದು ಕಾಣಸ್ತದ. ಅಷ್ಟ ಸಾಕು, ಒಳಗ ಯಾರೋ ಹೊಂಟಾರಂತ ತಿಳೀಲಿಕ್ಕ. ಈ ದುನಿಯಾನೂ ಹಂಗೇ ರೀ." ಜನ ತಲೆದೂಗುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಸುಧಾಕರನ ಕಿವಿಯಲ್ಲಿ, "ಗಾಳಿ ಇದ್ದರೂ ಅಲ್ಲಾಡ್ತದಲ್ಲ" ಎಂದು ಪಿಸುಗುಡುತ್ತಿದ್ದೆ.

ನಮ್ಮ ಕಡೆ ಎಳ್ಳಮವಾಸ್ಯೆ ಎಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೋಗಿ, ನೈವೇದ್ಯದ ತುತ್ತನ್ನು ಚರಗವೆಂದು ಬೆಳೆಗೆ ಚೆಲ್ಲಿ ಪೂಜೆ ಮಾಡಿ, ಅಲ್ಲೇ ಉಂಡು ಬರುತ್ತಾರೆ. ಊಟ ಬಿಡುವಷ್ಟು ಭಕ್ತರು ನಮ್ಮವರಲ್ಲೂ ಯಾರೂ ಇಲ್ಲ. ಚರಗ ಮಾತ್ರ ನಾವು ಚೆಲ್ಲುವುದಿಲ್ಲ. ಅದರ ಬದಲು ನಮ್ಮ ಮಾವನ ಮನೆಯಲ್ಲಿ ಅವರ ಅಪ್ಪನ ಕಾಲದಿಂದ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸಾಲಾಗಿ ಹೊಲದ ಬದುವಿನ ಮೇಲೆ ಒಂದು ಸುತ್ತು ಬರಬೇಕು. ಬನ್ನಿ ಗಿಡದ ಕೆಳಗೆ ಹೊರಟವರು ಮತ್ತೆ ಅದೇ ಗಿಡಕ್ಕೆ ಮುಟ್ಟುವ ತನಕ ಯಾರೂ ತುಟಿ ಬಿಚ್ಚಬಾರದು, ಹಿಂತಿರುಗಿ ನೋಡಬಾರದು. ಬೆಳೆ ನೋಡಬೇಕು, ಹಕ್ಕಿ ನೋಡಬೇಕು, ಮಣ್ಣು ನೋಡಬೇಕು, ಮನಸ್ಸಿನಲ್ಲೇ ಸ್ತೋತ್ರ ಮಾಡಬೇಕು. "ನಾವು ಬಾಯಿ ಮುಚ್ಚಿದ್ರ ಅಂವ ಮಾತಾಡ್ತಾನ" ಎನ್ನುತ್ತಿದ್ದರು ಮಾವ. ಕ್ಲಾಸಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ನನಗೆ ಆ ಮೌನವೊಂದು ಇಷ್ಟವಾಗಿತ್ತು. ಅದರಿಂದ ಏನಾಗಬಹುದು ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಆ ವರ್ಷ ನನ್ನ ಮಗಳು ರೂಬಿ ಇನ್ನೂ ಯು.ಕೆ.ಜಿ.ಯಲ್ಲಿದ್ದಳು. ಮಳೆ ಹದವಾಗಿ ಬಂದು ತೊಗರಿ ಆಳೆತ್ತರ ದಾಟಿ ಬೆಳೆದಿತ್ತು. ಕಾಯಿ ಒಣಗಿ ಕೊಯ್ಲಿಗೆ ಬಂದಿತ್ತು, ಮುಟ್ಟಿದರೆ ಗಲಗಲ ಎನ್ನುತ್ತಿತ್ತು. ಆ ತೊಗರಿಯ ನಡುವೆ ಎಲ್ಲೋ ಒಂದು ಹಳೆಯ ಬಾವಿ. ಬೋರು ಹಾಕಿಸಿದ ಮೇಲೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಟ್ಟೆ ಇಲ್ಲ, ಮೆಟ್ಟಿಲು ಕುಸಿದಿತ್ತು, ಹೋಗುವ ದಾರಿಯೂ ಬೆಳೆಯಲ್ಲಿ ಮುಚ್ಚಿಹೋಗಿತ್ತು. ಎಲ್ಲಿದೆ ಎಂದು ಮಾವನಿಗೆ ಗೊತ್ತು, ಸುಧಾಕರನಿಗೆ ಗೊತ್ತು, ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಊಟಕ್ಕೆ ಮುಂಚೆ ಸುತ್ತಲು ಹೊರಟೆವು. ಬಿಸಿಲು ಚೆನ್ನಾಗಿತ್ತು. ಮುಂದೆ ಮಾವ, ಅವರ ಹಿಂದೆ ಸುಧಾಕರ, ಆಮೇಲೆ ರೂಬಿ, ನಾನು, ಕೊನೆಗೆ ಅತ್ತೆ. ಮಾವ ಹೊರಡುವ ಮುಂಚೆ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಅವಳೂ ಹಾಗೇ ಬೆರಳಿಟ್ಟುಕೊಂಡು ದೊಡ್ಡವರ ಗತ್ತಿನಲ್ಲಿ ನಡೆದಳು. ಹಳ್ಳದ ಕಡೆಯ ಮೂಲೆಯಲ್ಲಿ ನನ್ನ ಚಪ್ಪಲಿಗೆ ಜಾಲಿ ಮುಳ್ಳು ನೆಟ್ಟಿತು. ಅದನ್ನು ಕೀಳಲು ನಾನು ನಿಂತೆ, ನನ್ನ ಹಿಂದೆ ಅತ್ತೆಯೂ ನಿಂತರು. ತಲೆ ಎತ್ತುವಷ್ಟರಲ್ಲಿ ರೂಬಿ ತಿರುವು ದಾಟಿದ್ದಳು. ಅಪ್ಪನನ್ನು ಕೂಡಿಕೊಂಡಿದ್ದಾಳೆ ಎಂದುಕೊಂಡೆ. ಅಲ್ಲಿ ಅವಳಪ್ಪ ಅವಳು ನನ್ನ ಜೊತೆಗಿದ್ದಾಳೆ ಎಂದುಕೊಂಡಿದ್ದರು. ಮಾತಾಡುವ ಹಾಗಿದ್ದರೆ ಒಬ್ಬರಾದರೂ ಕೂಗಿ ಕೇಳುತ್ತಿದ್ದೆವು.

ಬನ್ನಿ ಗಿಡದ ಕೆಳಗೆ ಎಲ್ಲರೂ ಸೇರಿದಾಗ ರೂಬಿ ಇರಲಿಲ್ಲ. ಆಗಲೂ ಒಂದು ಗಳಿಗೆ ಯಾರೂ ಬಾಯಿ ಬಿಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು.

"ರೂಬಿ ಎಲ್ಲ್ಯಾಳ?" ಎಂದೆ ನಾನು. ಮಾವ, "ಬಾಂವಿ" ಎಂದರು. ಅಷ್ಟೇ ಅಂದದ್ದು. ಸುಧಾಕರ ಮಗಳ ಹೆಸರು ಕೂಗುತ್ತ, ಅವಳನ್ನು ಕೊನೆಗೆ ಕಂಡ ಹಳ್ಳದ ಕಡೆಗೆ ಓಡಿದರು. ಅತ್ತೆ ಅಲ್ಲೇ ಕುಸಿದು ಅಳತೊಡಗಿದರು. ನಾನು ಎಷ್ಟು ಕೂಗಿದರೂ ತೊಗರಿಯೊಳಗಿಂದ ಉತ್ತರ ಬರಲಿಲ್ಲ. ಪಕ್ಕದ ಹೊಲದ ವೈಜನಾಥ ಕಾಕಾ ತಮ್ಮ ಟ್ರ್ಯಾಕ್ಟರಿನ ಟ್ರಾಲಿಯನ್ನು ಬದುವಿಗೆ ಹಚ್ಚಿ ನಿಲ್ಲಿಸಿದ್ದರು. ಅದರ ಮೇಲೆ ಹತ್ತಿದೆ. ತೊಗರಿಯ ತಲೆಗಳೆಲ್ಲ ನನ್ನ ಕೆಳಗೆ ಕಾಣಿಸಿದವು. ಕೂಸು ಒಳಗೆ ನಡೆದರೆ ಗಿಡ ಅಲ್ಲಾಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಾವನ ವಾದ ಆ ಹೊತ್ತಿನಲ್ಲಿ ನನಗೆ ನೆನಪಿಗೆ ಬಂತೋ ಇಲ್ಲವೋ ಹೇಳಲಾರೆ. ಒಂದು ಎಲೆಯೂ ಮಿಸುಕುತ್ತಿರಲಿಲ್ಲ.

ಆಮೇಲೆ ಹೊಲದ ಬಲಭಾಗದಲ್ಲಿ, ಹಳ್ಳದ ಕಡೆಯೂ ಅಲ್ಲ, ನಾವು ನಡೆದ ಬದುವಿನ ಹತ್ತಿರವೂ ಅಲ್ಲ, ಯಾರೂ ಕಾಲಿಟ್ಟಿರದ ಒಳಗಡೆ, ತೊಗರಿ ಬಾಗಿತು. ಬಾಗಿದ ತಲೆಗಳು ಏಳುತ್ತಿದ್ದಂತೆ ಅವುಗಳ ಮುಂದಿನವು ಬಾಗಿದವು. ಹಾಗೆಯೇ ಒಂದರ ಮುಂದೊಂದು, ಅವಸರವಿಲ್ಲದೆ, ಹೊಲದ ನಡುವಿಗೆ ಬರತೊಡಗಿತು. ಮೊದಲು ನನಗಾದದ್ದು ಸಂತೋಷ. "ಆ ಕಡಿ ಅದಾಳ್ರಿ ಮಾವಾ, ಆ ಕಡಿ!" ಎಂದು ಕೂಗಿದೆ. ಆಮೇಲೆ ಸರಿಯಾಗಿ ನೋಡಿದೆ. ಬಾಗುತ್ತಿದ್ದದ್ದು ಒಂದೆರಡು ಗಿಡವಲ್ಲ. ಜೋಡಿ ಎತ್ತಿನ ಬಂಡಿ ಹೋಗುವಷ್ಟು ಅಗಲಕ್ಕೆ ಬಾಗುತ್ತಿತ್ತು. ನನ್ನ ಕೂಸಿನ ಮೈಯಗಲವೇ ಎಷ್ಟು!

ಹುಚ್ಚಿಯ ಹಾಗೆ ನಾನು ಆಗಲೂ ಗಾಳಿಯನ್ನೇ ಹುಡುಕಿದೆ. ಪಕ್ಕದ ಜೋಳದ ಗರಿ ಅಲ್ಲಾಡುತ್ತಿರಲಿಲ್ಲ. ವೈಜನಾಥ ಕಾಕಾನ ಕಲ್ಲೊಲೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಒಣ ತೊಗರಿಯಲ್ಲಿ ನಾಯಿ ನುಗ್ಗಿದರೂ ಕಾಯಿಗಳು ಗಲಗಲ ಸದ್ದು ಮಾಡುತ್ತವೆ. ಇಷ್ಟು ಅಗಲದ ಬೆಳೆ ಬಾಗಿ ಏಳುತ್ತಿದ್ದರೂ ಒಂದು ಕಾಯಿಯ ಸದ್ದಿಲ್ಲ. ದೂರದಲ್ಲಿ ಸುಧಾಕರನ ಕೂಗು ಕೇಳುತ್ತಿತ್ತು, ಅದು ಹಳ್ಳದ ಆಚೆಯಿಂದ.

ಬಾವಿಯ ಕಡೆ ಹೊರಟಿದ್ದ ಮಾವ ಬದುವಿನ ಮೇಲೆಯೇ ನಿಂತು ಅದನ್ನೇ ನೋಡುತ್ತಿದ್ದರು. ಜೀವಮಾನವೆಲ್ಲ ತೊಗರಿಯ ತುದಿಯ ಮಾತು ಆಡಿದ ಮನುಷ್ಯ. ಅವರು ಕೈಯೆತ್ತಿ ಸ್ತೋತ್ರ ಹೇಳಬಹುದಿತ್ತು. ಅವರು ತಲೆಯ ರುಮಾಲು ಕಿತ್ತು, ಮೊಣಕಾಲೂರಿ, ಮುಖವನ್ನು ಮಣ್ಣಿಗೆ ಹಚ್ಚಿಬಿಟ್ಟರು. ನಾನು ಟ್ರಾಲಿಯಿಂದ ಜಿಗಿದಾಗ ನನ್ನ ಸೀರೆಯ ಸೆರಗು ಹಿಡಿದರು. "ಹೋಗಬ್ಯಾಡವ್ವಾ. ನೋಡಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ, ಹೋಗಬ್ಯಾಡ." ನಾನು ಸೆರಗು ಬಿಡಿಸಿಕೊಂಡು ತೊಗರಿಯೊಳಗೆ ನುಗ್ಗಿದೆ. ಧೈರ್ಯವಿತ್ತೆಂದು ಅಲ್ಲ. ಅದು ಹೋಗುತ್ತಿದ್ದ ದಿಕ್ಕಿನಲ್ಲಿ ನನ್ನ ಮಗಳಿದ್ದಾಳೆ ಎಂದು ನನಗೆ ಹೇಗೋ ಗೊತ್ತಾಗಿತ್ತು.

ಒಳಗೆ ಹೋದ ಮೇಲೆ ಕಾಣುವುದು ಕಾಂಡ, ಮಣ್ಣು, ತಲೆಯ ಮೇಲೆ ಒಂದು ತುಂಡು ಆಕಾಶ. ನನ್ನ ಓಟಕ್ಕೆ ಕಾಯಿಗಳು ಕಿವಿ ಗಡಚಿಕ್ಕುವಂತೆ ಸದ್ದು ಮಾಡುತ್ತಿದ್ದವು, ಕೈ ಮುಖವೆಲ್ಲ ಗೀರಿದವು. ಎಷ್ಟು ದೂರ ಓಡಿದೆನೋ ತಿಳಿಯದು. ಒಮ್ಮೆ ಉಸಿರಿಗೆ ನಿಂತಾಗ ನನ್ನ ಬಲಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಗಿಡಗಳು ಬಾಗಿದವು. ನೆಲದ ಕಡೆ ಬಾಗಿ ಮತ್ತೆ ಎದ್ದವು. ಗಿಡಗಳ ನಡುವೆ ಯಾರೂ ಇರಲಿಲ್ಲ, ಸಾಲಿನ ಆಚೆಯ ತುದಿಯ ತನಕ ಖಾಲಿ ಮಣ್ಣು ಕಾಣುತ್ತಿತ್ತು. ಹಣೆಯ ಮೇಲೆ ಇಳಿಬಿದ್ದ ನನ್ನ ಕೂದಲ ಎಳೆ ಕೂಡ ಅಲ್ಲಾಡಲಿಲ್ಲ. ಮುಖಕ್ಕೆ ಒಂದಿಷ್ಟೂ ಗಾಳಿ ಸೋಕಲಿಲ್ಲ. ಅದು ನನ್ನನ್ನು ದಾಟಿ ಮುಂದೆ ಹೋಯಿತು. ಅಷ್ಟು ಹೆದರಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅದಕ್ಕಿಂತ ಮುಂಚೆ ನಾನು ಮುಟ್ಟಬೇಕು, ಅಷ್ಟೇ ಅನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಕೇಳಬೇಡಿ. ಓಡಿದೆ.

ತೊಗರಿ ಒಮ್ಮೆಲೇ ಮುಗಿದು ಎದುರಿಗೆ ಬಾವಿ ಬಾಯಿ ತೆರೆದಿತ್ತು. ಅದರ ಅಂಚಿನ ಒಂದು ಕಲ್ಲಿನ ಮೇಲೆ ರೂಬಿ ಕುಳಿತಿದ್ದಳು, ಕಾಲುಗಳನ್ನು ಬಾವಿಯೊಳಗೆ ಇಳಿಬಿಟ್ಟುಕೊಂಡು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅವಳು ನೀರನ್ನು ನೋಡುತ್ತಿರಲಿಲ್ಲ, ಬಾವಿಯ ಆಚೆ ದಂಡೆಯ ತೊಗರಿಯನ್ನು ನೋಡುತ್ತಿದ್ದಳು. ಅಲ್ಲಿ ಗಿಡಗಳು ಬಾವಿಯ ಕಡೆಗೆ ಬಾಗಿ, ಹಾಗೇ ನಿಂತಿದ್ದವು. ಏಳಲಿಲ್ಲ. ನಾನು ಮೆಲ್ಲಗೆ, "ರೂಬಿ" ಎಂದೆ. ಅವಳು ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದಳು.

ರಟ್ಟೆ ಹಿಡಿದು ಅವಳನ್ನು ಎಳೆದುಕೊಂಡೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಅವಳು ಕುಳಿತಿದ್ದ ಕಲ್ಲು ಸಡಿಲವಾಗಿ ಬಾವಿಗೆ ಉರುಳಿತು, ನೀರಿಗೆ ಬಿದ್ದ ಸದ್ದು ಬಹಳ ತಡವಾಗಿ ಕೇಳಿಸಿತು. ನಾನು ಮತ್ತೆ ತಲೆ ಎತ್ತಿದಾಗ ಆಚೆ ದಂಡೆಯ ತೊಗರಿ ನೆಟ್ಟಗೆ ನಿಂತಿತ್ತು.

ಆಮೇಲಿನದು ಎಲ್ಲ ಮನೆಗಳಲ್ಲೂ ಆಗುವಂಥದ್ದೇ. ಅತ್ತು, ಬೈದು, ಮುದ್ದಿಸಿ, ಮತ್ತೆ ಬೈದೆವು. ಹಕ್ಕಿಯ ಹಿಂದೆ ಹೋಗಿದ್ದೆ, ದಾರಿ ಸಿಗಲಿಲ್ಲ ಎಂದಳು ರೂಬಿ. ಕೂಗಿದಾಗ ಯಾಕೆ ಓ ಅನ್ನಲಿಲ್ಲ ಎಂದರೆ, "ಮುತ್ಯಾ ಮಾತಾಡಬ್ಯಾಡ ಅಂದಾನಲ್ಲ" ಎಂದಳು. ಆ ಮಾತಿಗೆ ಮಾವ ಎದ್ದು ಹೊಲದ ಆಚೆ ಹೋಗಿಬಿಟ್ಟರು. ಅಂದು ಅವರು ಊಟ ಮಾಡಲಿಲ್ಲ. ವೈಜನಾಥ ಕಾಕಾನೂ ಒಲೆಯ ಹತ್ತಿರ ನಿಂತು ತೊಗರಿ ಬಾಗುವುದನ್ನು ನೋಡಿದ್ದರು. ಅವರಿಗೆ ಸ್ವಲ್ಪವೂ ಭಯವಿರಲಿಲ್ಲ. "ಇವತ್ತ ಲಕ್ಷ್ಮಿ ಹೊಲದಾಗ ಅಡ್ಡಾಡ್ತಾಳ ತಂಗಿ, ನಿಮ್ಮ ಕೂಸಿನ ಕಾಯ್ದಾಳ. ಒಂದ ಕಾಯಿ ಒಡಸ್ರಿ" ಎಂದು ಹೇಳಿ ನಮಗೆಲ್ಲ ಭಜ್ಜಿ ಬಡಿಸಿದರು. ಅವರ ನೆಮ್ಮದಿ ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಬೆಳಗ್ಗೆ ಸುಧಾಕರನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ನಾನು ಓಡಿದ ದಾರಿ ಸ್ಪಷ್ಟವಾಗಿತ್ತು. ಮುರಿದ ಕಾಂಡ, ಉದುರಿದ ಕಾಯಿ, ಮಣ್ಣಿನಲ್ಲಿ ನನ್ನ ಹೆಜ್ಜೆ. ಅದು ಬಂದ ದಾರಿಯಲ್ಲಿ ಒಂದು ಟೊಂಗೆ ಮುರಿದಿರಲಿಲ್ಲ. ಕಾಡಹಂದಿಯ ಗೊರಸಿಲ್ಲ, ಚಿಗರಿಯ ಹೆಜ್ಜೆಯಿಲ್ಲ. ಸುಂಟರಗಾಳಿಯಾಗಿದ್ದರೆ ಧೂಳು ಏಳಬೇಕಿತ್ತು, ಒಣ ಎಲೆ ಹಾರಬೇಕಿತ್ತು. ಭಯಕ್ಕೆ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ನನಗೂ ಗೊತ್ತು. ಆದರೆ ಮೂವರು ಮೂರು ಕಡೆ ನಿಂತು ಒಂದೇ ಥರ ಹೇಗೆ ಕಂಡೆವು? ಇಷ್ಟು ವರ್ಷ ಒಂದೊಂದೇ ಕಾರಣ ಹಚ್ಚಿ ನೋಡಿದ್ದೇನೆ. ಯಾವುದೂ ಪೂರ್ತಿ ಒಪ್ಪಲಿಲ್ಲ.

ಮಾವನನ್ನು ಒಮ್ಮೆ ಮಾತ್ರ ಕೇಳಿದೆ. ಅಂಗಳದಲ್ಲಿ ಕುಳಿತು ತೊಗರಿ ಕೇರುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಹೇಳಿದರು: "ಅಂವನ ಹೆಜ್ಜಿ ನೋಡೀನಿ ಅಂತ ಎಲ್ಲಾರಿಗೂ ಹೇಳಕೋತ ಬಂದೆವ್ವಾ. ನಡಿಯೋದು ನೋಡಿದ್ದಿಲ್ಲ." ಇನ್ನೊಂದು ಮೊರ ಕೇರಿ, "ಕೂಸಿನ ಕಡಿಗೇ ಹೊಂಟಿತ್ತು, ಅದು ಖರೆ. ಉಳಸ್ಲಿಕ್ಕೋ ಒಯ್ಲಿಕ್ಕೋ, ನನಗ ತಿಳೀಲಿಲ್ಲ" ಎಂದರು. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದೂ ಅದೇ. ಅದು ನನಗೆ ದಾರಿ ತೋರಿಸಿತೋ, ಅಥವಾ ಅದು ಕೈಯಿಡುವ ಮುಂಚೆ ನಾನು ಹೋಗಿ ಮುಟ್ಟಿದೆನೋ? ಆ ಕಲ್ಲು ನಾನು ಎಳೆದದ್ದಕ್ಕೆ ಉರುಳಿತೋ, ಉರುಳುವುದಿತ್ತು ಎಂದೇ ಅದು ನನ್ನನ್ನು ಕರೆಯಿತೋ? ದೇವರೇ ಆಗಿದ್ದರೆ ಹೆದರಿಕೆ ಯಾಕಾಯಿತು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಮಾವನಷ್ಟು ಅವನನ್ನು ಪ್ರೀತಿಸಿದವರನ್ನು ನಾನು ಕಂಡಿಲ್ಲ, ನನಗಿಂತ ಹೆಚ್ಚು ಹೆದರಿದ್ದು ಅವರೇ.

ಸಭೆಯಲ್ಲಿ ಸುದ್ದಿ ಹಬ್ಬಿತು. ಮುಂದಿನ ಭಾನುವಾರ ಪಾಸ್ಟರು ನಮ್ಮ ಕುಟುಂಬ ಎದ್ದು ಸಾಕ್ಷಿ ಹೇಳಬೇಕೆಂದರು. ಯಾವಾಗಲೂ ಎಲ್ಲರಿಗಿಂತ ಮೊದಲು ಏಳುತ್ತಿದ್ದ ಮಾವ ತಲೆ ತಗ್ಗಿಸಿ ಕುಳಿತರು. ನಾನು ಎದ್ದು ನಿಂತೆ, ಹಾಗೇ ಕುಳಿತೆ. ಕೊನೆಗೆ ಪಾಸ್ಟರೇ ಹೇಳಿದರು. ಸೃಷ್ಟಿಯೆಲ್ಲ ಅವನ ಸಾಕ್ಷಿ ಎಂದರು, ದೇವದೂತ ಎಂದರು, ಬಹಳ ಚೆನ್ನಾಗಿ ಹೇಳಿದರು. ಜನ ಕಣ್ಣೊರೆಸಿಕೊಂಡರು. ಅಂದಿನಿಂದ ಇಂದಿನವರೆಗೆ ಮಾವ ತೊಗರಿಯ ತುದಿಯ ಮಾತನ್ನು ಎತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಪಿಸುಗುಡುವುದನ್ನು ನಾನೂ ಬಿಟ್ಟಿದ್ದೇನೆ. ಈಗ ನಾನು ಪ್ರಾರ್ಥನೆ ಮಾಡುತ್ತೇನೆ, ಮುಂಚಿಗಿಂತ ಹೆಚ್ಚೇ ಮಾಡುತ್ತೇನೆ. ಮಾಡುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತೇನೆ.

ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ. ಹೊಲ ಈಗ ವೈಜನಾಥ ಕಾಕಾ ಮಾಡುತ್ತಾರೆ. ಮಾವ, ಅತ್ತೆ ಚಿದ್ರಿಯಲ್ಲಿ ನಮ್ಮ ಜೊತೆಗಿದ್ದಾರೆ. ಎಳ್ಳಮವಾಸ್ಯೆಗೆ ಹೋಗುತ್ತೇವೆ, ಉಂಡು ಬರುತ್ತೇವೆ, ಸುತ್ತುವುದಿಲ್ಲ. ರೂಬಿ ಈಗ ಎಂಟನೆಯ ತರಗತಿ. ಅವಳಿಗೆ ನೆನಪಿರುವುದು ಕಳೆದುಹೋದ ಚಪ್ಪಲಿ ಒಂದೇ.

ಈ ವರ್ಷವೂ ಹೋದೆವು. ಊರಿನ ಹತ್ತಿರ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ರಸ್ತೆಯ ಪಕ್ಕದಲ್ಲೇ ಆಳೆತ್ತರದ ತೊಗರಿ. ಕಿಟಕಿಯ ಬದಿಗೆ ಕುಳಿತಿದ್ದ ರೂಬಿ, "ಮಮ್ಮಿ, ನೋಡಿಲ್ಲಿ, ತೊಗರಿ ಹ್ಯಾಂಗ ಅಲ್ಲಾಡ್ಲತದ" ಎಂದಳು. ಆಚೆ ಸೀಟಿನಲ್ಲಿದ್ದ ಮಾವನ ಕಡೆ ನೋಡಿದೆ. ಅವರು ಆಗಲೇ ರುಮಾಲಿನ ಅಂಚನ್ನು ಕಣ್ಣಿನ ಮೇಲೆ ಎಳೆದುಕೊಂಡಿದ್ದರು.

"ಗಾಳಿ ಅದ ಏನು?" ಎಂದು ಕೇಳಿದೆ.

"ತಡಿ, ನೋಡ್ತೇನಿ" ಎಂದು ಅವಳು ಕೈಯನ್ನು ಕಿಟಕಿಯ ಹೊರಗೆ ಚಾಚಿ, ಅಂಗೈ ಅಗಲಿಸಿ ಹಿಡಿದಳು. ಅವಳು ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳು ಬಾಯಿ ತೆರೆಯುವ ಮುಂಚೆ ಆ ಕೈಯನ್ನು ಒಳಗೆಳೆದುಕೊಂಡು ಕಿಟಕಿ ಮುಚ್ಚಿಬಿಟ್ಟೆ.